ಜೋ ಸ್ಟ್ರಮ್ಮರ್: ಬದುಕು, ಹಾಡು ಮತ್ತು ಅವನು ಬಿಟ್ಟುಹೋದದ್ದು

ಹಳೆಯ ರೆಕಾರ್ಡು:

ಪಂಕ್ ರಾಕ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮುಳ್ಳಿನಂತೆ ನಿಲ್ಲಿಸಿದ ಕೂದಲು, ಹರಿದ ಅಂಗಿ, ಅದಕ್ಕೆ ಚುಚ್ಚಿದ ಪಿನ್ನು ಮತ್ತು ಕಿವಿ ತುಂಬುವ ಗದ್ದಲ. 1976–77ರ ಲಂಡನ್ನಿನಲ್ಲಿ ಅದೆಲ್ಲವೂ ಇತ್ತು. ಆ ಗದ್ದಲದ ನಡುವಿನಿಂದಲೇ ಬಂದು, ಅದು ತಣ್ಣಗಾದ ಮೇಲೂ ಎರಡು ದಶಕ ಹಾಡು ಕಟ್ಟಿದ ‘ದಿ ಕ್ಲ್ಯಾಶ್’ ತಂಡದ ಗಾಯಕ ಜೋ ಸ್ಟ್ರಮ್ಮರ್ ಬಗ್ಗೆ ಕನ್ನಡದಲ್ಲಿ ವಿವರವಾಗಿ ಮಾತನಾಡಬೇಕೆಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅವನ ಸಮಕಾಲೀನರಲ್ಲಿ ಅವನಷ್ಟೇ ಸಿಟ್ಟಿನಿಂದ ಹಾಡಿದವರು ಹಲವರಿದ್ದರು; ಬೇರೆ ಜನರ ಸಂಗೀತವನ್ನು ಅವನಷ್ಟು ಶ್ರದ್ಧೆಯಿಂದ ಕೇಳಿ, ಅದಕ್ಕೆ ತನ್ನ ಹಾಡಿನಲ್ಲಿ ಜಾಗ ಮಾಡಿಕೊಟ್ಟವರು ತೀರ ಕಡಿಮೆ. ಅವನ ಪ್ರಭಾವ ಇಂದಿಗೂ ಉಳಿದಿರುವುದಕ್ಕೆ ಈ ಕೇಳುವ ಗುಣವೇ ಕಾರಣವೆಂದು ನಾನು ನಂಬಿದ್ದೇನೆ.

ಅವನ ಹುಟ್ಟುಹೆಸರು ಜಾನ್ ಗ್ರಹಾಂ ಮೆಲ್ಲರ್. 1952ರ ಆಗಸ್ಟ್ 21ರಂದು ಟರ್ಕಿಯ ಅಂಕಾರಾದಲ್ಲಿ ಹುಟ್ಟಿದ. ತಂದೆ ರೊನಾಲ್ಡ್ ಮೆಲ್ಲರ್ ಬ್ರಿಟನ್ನಿನ ವಿದೇಶಾಂಗ ಇಲಾಖೆಯ ನೌಕರ. ಆತ ಹುಟ್ಟಿದ್ದು ನಮ್ಮ ಲಖನೌದಲ್ಲಿ, ಏಕೆಂದರೆ ಅಜ್ಜ ಆಗ ಭಾರತದ ರೈಲ್ವೆಯಲ್ಲಿ ಕೆಲಸದಲ್ಲಿದ್ದ. ತಾಯಿ ಅನ್ನಾ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ ಕಡೆಯವಳು. ತಂದೆಗೆ ವರ್ಗಾವಣೆಯಾದಲ್ಲೆಲ್ಲ ಸಂಸಾರವೂ ಹೋಗಬೇಕಾಗಿದ್ದರಿಂದ ಹುಡುಗ ಕೈರೋ, ಮೆಕ್ಸಿಕೋ ನಗರ ಮತ್ತು ಬಾನ್‌ಗಳಲ್ಲಿ ಬೆಳೆದ. ಒಂಬತ್ತನೆಯ ವಯಸ್ಸಿಗೆ ಅವನನ್ನೂ ಅಣ್ಣ ಡೇವಿಡ್‌ನನ್ನೂ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಒಂದು ವಸತಿಶಾಲೆಗೆ ಸೇರಿಸಿದರು. ಅಲ್ಲಿಂದ ಮುಂದೆ ಹೆತ್ತವರ ಮುಖ ಕಾಣುತ್ತಿದ್ದದ್ದು ಅಪರೂಪಕ್ಕೆ. ಮಾತು ಕಡಿಮೆಯಾಗುತ್ತ ಹೋದ ಅಣ್ಣ, ವಲಸಿಗರನ್ನು ದ್ವೇಷಿಸುವ ನ್ಯಾಷನಲ್ ಫ್ರಂಟ್ ಎಂಬ ಪಕ್ಷದತ್ತ ವಾಲಿದ. 1970ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ತಮ್ಮನಿಗೆ ಆಗ ಹದಿನೇಳು ವರ್ಷ. ಅದೇ ತಮ್ಮ ಎಂಟು ವರ್ಷಗಳ ಬಳಿಕ ಅದೇ ಪಕ್ಷದ ವಿರುದ್ಧ ನಡೆದ ಬಹುದೊಡ್ಡ ಬಹಿರಂಗ ಸಂಗೀತ ಸಭೆಯಲ್ಲಿ ನಿಂತು ಹಾಡಿದ ಎಂಬುದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಲಂಡನ್ನಿನ ಕಲಾಶಾಲೆಯನ್ನು ನಡುವೆಯೇ ಬಿಟ್ಟು, ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಸ್ವಲ್ಪ ಕಾಲ ಇದ್ದು, ಅಲ್ಲಿನ ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸವನ್ನೂ ಮಾಡಿ, ಆತ ಮತ್ತೆ ಲಂಡನ್ನಿಗೆ ಬಂದ. ಪಶ್ಚಿಮ ಲಂಡನ್ನಿನಲ್ಲಿ ಖಾಲಿ ಬಿದ್ದಿದ್ದ ಮನೆಗಳಿಗೆ ಬಾಡಿಗೆಯಿಲ್ಲದೆ ಯುವಕರು ನುಗ್ಗಿ ವಾಸಿಸುತ್ತಿದ್ದ ಕಾಲ ಅದು. ವಾಲ್ಟರ್ಟನ್ ರಸ್ತೆಯ 101ನೆಯ ಸಂಖ್ಯೆಯ ಅಂಥ ಮನೆಯಲ್ಲಿ ಹುಟ್ಟಿದ ತಂಡಕ್ಕೆ ‘ದಿ 101ಅರ್ಸ್’ ಎಂದೇ ಹೆಸರಾಯಿತು. 1976ರ ಏಪ್ರಿಲ್ 3ರಂದು ಈ ತಂಡದ ಕಛೇರಿಗೆ ಮೊದಲು ಹಾಡಲು ‘ಸೆಕ್ಸ್ ಪಿಸ್ಟಲ್ಸ್’ ಎಂಬ ಹೊಸ ಹುಡುಗರು ಬಂದರು. ಅವರನ್ನು ಕೇಳಿದ ಮೇಲೆ ತನ್ನ ತಂಡದ ಕಾಲ ಮುಗಿಯಿತೆಂದು ಸ್ಟ್ರಮ್ಮರನಿಗೆ ಅನ್ನಿಸಿತು. ಕೆಲವೇ ವಾರಗಳಲ್ಲಿ ಮಿಕ್ ಜೋನ್ಸ್, ಪಾಲ್ ಸಿಮೊನಾನ್ ಮತ್ತು ವ್ಯವಸ್ಥಾಪಕ ಬರ್ನಿ ರೋಡ್ಸ್ ಅವನನ್ನು ಕರೆದರು. ಜುಲೈ 4ರಂದು ಶೆಫೀಲ್ಡ್‌ನಲ್ಲಿ ಕ್ಲ್ಯಾಶ್ ಮೊದಲ ಬಾರಿಗೆ ವೇದಿಕೆ ಹತ್ತಿತು.

ಮುಂದಿನ ಆರೇಳು ವರ್ಷಗಳಲ್ಲಿ ಈ ತಂಡ ನಡೆದ ದೂರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. 1977ರ ಮೊದಲ ಆಲ್ಬಂನಲ್ಲಿಯೇ ಎರಡು ನಿಮಿಷದ ಸಿಡಿಗುಂಡಿನಂಥ ಹಾಡುಗಳ ಪಕ್ಕದಲ್ಲಿ ಜಮೈಕಾದ ಜೂನಿಯರ್ ಮರ್ವಿನ್ ಹಾಡಿದ್ದ ‘ಪೊಲೀಸ್ ಅಂಡ್ ಥೀವ್ಸ್’ ಎಂಬ ರೆಗೆ ಹಾಡು ಆರು ನಿಮಿಷ ಹರಡಿಕೊಂಡಿತ್ತು. 1979ರ ಡಿಸೆಂಬರ್‌ನಲ್ಲಿ ಬಂದ ‘ಲಂಡನ್ ಕಾಲಿಂಗ್’ ಎಂಬ ಜೋಡಿ ರೆಕಾರ್ಡಿನಲ್ಲಿ ರಾಕಬಿಲಿ, ಸ್ಕಾ, ಜಾಜ್‌ನ ಛಾಯೆ, ರೆಗೆ ಎಲ್ಲವೂ ಒಂದೇ ಉಸಿರಿನಲ್ಲಿ ಬಂದವು. 1980ರ ‘ಸ್ಯಾಂಡಿನಿಸ್ಟಾ!’ ಮೂರು ರೆಕಾರ್ಡುಗಳ, 36 ಹಾಡುಗಳ ಸಂಪುಟ. ಅದರ ಆರಂಭದ ಹಾಡಾದ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ನ್ಯೂಯಾರ್ಕಿನಲ್ಲಿ ಆಗತಾನೇ ಕಣ್ಣುಬಿಡುತ್ತಿದ್ದ ರ‍್ಯಾಪ್ ಕೇಳಿ ಕಟ್ಟಿದ್ದು. ಬಿಳಿಯ ರಾಕ್ ತಂಡಗಳಲ್ಲಿ ಹೆಚ್ಚಿನವು ರ‍್ಯಾಪ್ ಅನ್ನು ಸಂಗೀತವೆಂದೇ ಒಪ್ಪದಿದ್ದ ದಿನಗಳವು.

ನಿಮ್ಮ ಅಭಿಪ್ರಾಯಗಳಿಗೆ, ವಿರೋಧಗಳಿಗೂ ಸ್ವಾಗತವಿದೆ.

ತುಂಗಾತೀರ:

ಉತ್ತಮ ಆರಂಭ, ಸರ್. ಆದರೂ ನನ್ನ ಆಕ್ಷೇಪಗಳನ್ನು ನೇರವಾಗಿಯೇ ಇಡುತ್ತೇನೆ. ರಾಯಭಾರ ಕಚೇರಿಯ ನೌಕರನ ಮಗ, ಶುಲ್ಕ ಕಟ್ಟಿ ಓದುವ ವಸತಿಶಾಲೆಯ ಹುಡುಗ, ಹೆಸರನ್ನೂ ಮಾತಿನ ಧಾಟಿಯನ್ನೂ ಬದಲಿಸಿಕೊಂಡು ಬೀದಿಯ ಹುಡುಗನಂತೆ ಕಾಣಿಸಿಕೊಂಡದ್ದು ವೇಷವಲ್ಲವೇ? ಹೊಸ ತಂಡ ಸೇರಿದ ಮೇಲೆ, ತನ್ನನ್ನು ಹಳೆಯ ‘ವುಡಿ’ ಎಂಬ ಹೆಸರಿನಿಂದ ಬಲ್ಲ ಗೆಳೆಯರಿಂದ ಆತ ದೂರವಾದದ್ದೂ ದಾಖಲಾಗಿರುವ ಸಂಗತಿ.

ಎರಡನೆಯದಾಗಿ, 1977ರ ಜನವರಿಯಲ್ಲಿ ಕ್ಲ್ಯಾಶ್ ಸಿಬಿಎಸ್ ಎಂಬ ದೈತ್ಯ ಕಂಪನಿಯೊಂದಿಗೆ ಒಂದು ಲಕ್ಷ ಪೌಂಡುಗಳ ಒಪ್ಪಂದಕ್ಕೆ ಸಹಿ ಹಾಕಿತು. ಪಂಕ್ ಅಂದೇ ಸತ್ತಿತೆಂದು ಅಂದಿನ ಅಭಿಮಾನಿ ಪತ್ರಿಕೆಯ ಬರಹಗಾರನೊಬ್ಬ ಬರೆದದ್ದು ಪ್ರಸಿದ್ಧವಾಗಿದೆ. ವ್ಯವಸ್ಥೆಯನ್ನು ಹಳಿಯುವ ಹಾಡುಗಳನ್ನು ವ್ಯವಸ್ಥೆಯೇ ಅಚ್ಚುಹಾಕಿ ಮಾರಿತು. 1991ರಲ್ಲಿ ಜೀನ್ಸ್ ಜಾಹೀರಾತಿನಲ್ಲಿ ಬಳಕೆಯಾದ ನಂತರ ಅವರ ಹಳೆಯ ಹಾಡೊಂದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 2002ರಲ್ಲಿ ಇನ್ನೊಂದು ಹಾಡು ದುಬಾರಿ ಕಾರಿನ ಜಾಹೀರಾತಿಗೆ ಹೋಯಿತು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ನೀವು ಉಲ್ಲೇಖಿಸಿದ 1978ರ ಸಭೆಯಲ್ಲಿ ಸ್ಟ್ರಮ್ಮರ್ ಇಟಲಿಯ ರೆಡ್ ಬ್ರಿಗೇಡ್ಸ್ ಎಂಬ ಸಶಸ್ತ್ರ ಗುಂಪಿನ ಹೆಸರು ಬರೆದ ಅಂಗಿ ತೊಟ್ಟಿದ್ದ. ಆ ಹೊತ್ತಿಗೆ ಆ ಗುಂಪು ಇಟಲಿಯ ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರನ್ನು ಅಪಹರಿಸಿ ಒತ್ತೆಯಿಟ್ಟುಕೊಂಡಿತ್ತು. ಕೆಲವೇ ದಿನಗಳಲ್ಲಿ ಕೊಂದೂ ಹಾಕಿತು. ಬೇರೆಯವರ ನೋವನ್ನು ಕೇಳಿಸಿಕೊಳ್ಳುವ ಮನುಷ್ಯ ಹಾಗೆ ಮಾಡುತ್ತಾನೆಯೇ?

ಥೇಮ್ಸ್ ದಡದ ಕನ್ನಡತಿ:

ತುಂಗಾತೀರ ಅವರ ಮೂರನೆಯ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆ ಅಂಗಿ ಅವಿವೇಕದ್ದು. ಅದನ್ನು ಸಮರ್ಥಿಸಲು ಯಾರೂ ಪ್ರಯತ್ನಿಸಬಾರದು. ಆದರೆ ಆ ದಿನದ ಸಭೆ ಏಕೆ ನಡೆಯಿತು, ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ಭಾರತೀಯರಾದ ನಾವು ತಿಳಿದಿರಬೇಕು. ಪಶ್ಚಿಮ ಲಂಡನ್ನಿನಲ್ಲಿ ವಾಸವಾಗಿರುವ ನನಗೆ ಇದು ನೆರೆಹೊರೆಯ ಇತಿಹಾಸವೂ ಹೌದು.

1976ರ ಜೂನ್‌ನಲ್ಲಿ ಪಂಜಾಬಿಗಳು ಹೆಚ್ಚಾಗಿ ನೆಲೆಸಿರುವ ಪಶ್ಚಿಮ ಲಂಡನ್ನಿನ ಸೌಥಾಲ್‌ನಲ್ಲಿ ಗುರ್‌ದೀಪ್ ಸಿಂಗ್ ಚಗ್ಗರ್ ಎಂಬ ಹದಿನೆಂಟರ ಸಿಖ್ ತರುಣನನ್ನು ಇರಿದು ಕೊಂದರು. ಅದೇ ಆಗಸ್ಟ್‌ನಲ್ಲಿ ಎರಿಕ್ ಕ್ಲಾಪ್ಟನ್ ಎಂಬ ಜಗದ್ವಿಖ್ಯಾತ ಗಿಟಾರ್ ವಾದಕ ಬರ್ಮಿಂಗ್‌ಹ್ಯಾಮ್‌ನ ವೇದಿಕೆಯಿಂದ ವಲಸಿಗರನ್ನು ಹೊರಹಾಕಬೇಕೆಂದು ಭಾಷಣ ಮಾಡಿದ. ಕರಿಯರ ಬ್ಲೂಸ್ ನುಡಿಸಿ, ಬಾಬ್ ಮಾರ್ಲಿಯ ಹಾಡನ್ನು ಹಾಡಿ ದೊಡ್ಡವನಾದ ಮನುಷ್ಯನ ಬಾಯಿಂದ ಬಂದ ಆ ಮಾತಿಗೆ ಉತ್ತರವಾಗಿ ಹುಟ್ಟಿದ್ದು ‘ರಾಕ್ ಅಗೇನ್ಸ್ಟ್ ರೇಸಿಸಂ’ ಎಂಬ ಚಳವಳಿ. 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ಹೊರಟ ಮೆರವಣಿಗೆ ಪೂರ್ವ ಲಂಡನ್ನಿನ ವಿಕ್ಟೋರಿಯಾ ಉದ್ಯಾನವನ್ನು ತಲುಪಿದಾಗ ಅಲ್ಲಿ 80,000ಕ್ಕೂ ಹೆಚ್ಚು ಜನ ಸೇರಿದ್ದರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಕ್ಲ್ಯಾಶ್ ಜೊತೆಗೆ ಪಾಲಿ ಸ್ಟೈರೀನ್‌ಳ ಎಕ್ಸ್-ರೇ ಸ್ಪೆಕ್ಸ್, ಬರ್ಮಿಂಗ್‌ಹ್ಯಾಮ್‌ನ ರೆಗೆ ತಂಡ ಸ್ಟೀಲ್ ಪಲ್ಸ್, ಟಾಮ್ ರಾಬಿನ್ಸನ್ ತಂಡ ಅಂದು ಹಾಡಿದವು. ಆ ಗುಂಪಿನಲ್ಲಿ ನಿಂತಿದ್ದ ಬಿಲ್ಲಿ ಬ್ರ್ಯಾಗ್ ಎಂಬ ಹುಡುಗ ಮುಂದೆ ಕಾರ್ಮಿಕರ ಪರವಾಗಿ ಹಾಡುವ ಪ್ರಮುಖ ಗಾಯಕನಾದ. ತನ್ನ ದಾರಿ ನಿರ್ಧಾರವಾದದ್ದು ಆ ದಿನವೇ ಎಂದು ಆತ ಅನೇಕ ಸಲ ಹೇಳಿದ್ದಾನೆ.

ಮರುವರ್ಷ, 1979ರ ಏಪ್ರಿಲ್ 23ರಂದು, ನ್ಯಾಷನಲ್ ಫ್ರಂಟ್ ಪಕ್ಷ ಬೇಕೆಂದೇ ಸೌಥಾಲ್‌ನ ಪುರಭವನದಲ್ಲಿ ಚುನಾವಣಾ ಸಭೆ ಇಟ್ಟುಕೊಂಡಿತು. ಪಂಜಾಬಿ ಅಂಗಡಿಗಳು ಬಾಗಿಲು ಹಾಕಿದವು, ಜನ ಬೀದಿಗಿಳಿದರು. ಅಂದು ತಲೆಗೆ ಬಿದ್ದ ಏಟಿನಿಂದ ಬ್ಲೇರ್ ಪೀಚ್ ಎಂಬ ಶಿಕ್ಷಕ ಸತ್ತ. ಆ ಏಟು ಪೊಲೀಸನೊಬ್ಬನದೇ ಆಗಿರುವ ಸಂಭವ ಹೆಚ್ಚೆಂದು ಒಪ್ಪುವ ಪೊಲೀಸ್ ತನಿಖಾ ವರದಿ ಬೆಳಕಿಗೆ ಬರಲು 2010ರವರೆಗೆ ಕಾಯಬೇಕಾಯಿತು. ನೂರಾರು ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ಅವರಲ್ಲಿ ಹೆಚ್ಚಿನವರು ನಮ್ಮ ದಕ್ಷಿಣ ಏಷ್ಯಾದ ಮೂಲದವರು. ಅವರ ನ್ಯಾಯಾಲಯದ ಖರ್ಚಿಗಾಗಿ ಜುಲೈನಲ್ಲಿ ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ನಡೆದ ಸಹಾಯಾರ್ಥ ಕಛೇರಿಗಳಲ್ಲಿ ಕ್ಲ್ಯಾಶ್ ನುಡಿಸಿತು. ವೇಷವೋ ಅಲ್ಲವೋ ಎಂಬ ಪ್ರಶ್ನೆ ಬಂದಾಗ, ಸೌಥಾಲ್‌ನ ಆ ಆರೋಪಿಗಳ ಜಾಗದಲ್ಲಿ ನಿಂತು ನಾನು ಉತ್ತರ ಹುಡುಕುತ್ತೇನೆ. ಅವರಿಗೆ ಬೇಕಿದ್ದದ್ದು ವಕೀಲರ ಶುಲ್ಕ. ಅದನ್ನು ಹೊಂದಿಸಲು ಬಂದವನ ಶಾಲೆ ಯಾವುದೆಂದು ಅವರು ಕೇಳಿರಲಾರರು.

ಆರು ತಂತಿ:

ರಾಜಕೀಯದ ಮಾತು ಮುಂದುವರಿಯಲಿ. ಗಿಟಾರ್ ಕಲಿಸುವವನಾಗಿ ನಾನು ಸಂಗೀತದ ಒಳಗಿನ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಸ್ಟ್ರಮ್ಮರ್ ಎಡಗೈಯವನು. ಆದರೆ ಬಲಗೈಯವರ ಗಿಟಾರನ್ನು ಬಲಗೈಯವರಂತೆಯೇ ಹಿಡಿದು ನುಡಿಸಿದ. ಎಂದರೆ, ಸೂಕ್ಷ್ಮ ಕೆಲಸ ಮಾಡಬಲ್ಲ ಅವನ ಚುರುಕಿನ ಕೈ ಗಿಟಾರಿನ ಕತ್ತಿನ ಮೇಲೆ ಸ್ವರ ಒತ್ತುತ್ತಿತ್ತು. ಲಯ ಬಾರಿಸುವ ಹೊಣೆ ಒರಟಾದ, ಕಡಿಮೆ ಪಳಗಿದ ಕೈಗೆ ಬಿತ್ತು. ಒಂದೊಂದೇ ತಂತಿ ಮೀಟುವುದು ತನ್ನಿಂದಾಗದು, ಆರನ್ನೂ ಒಟ್ಟಿಗೆ ಬಾರಿಸುವುದು ಅಥವಾ ಸುಮ್ಮನಿರುವುದು ಎರಡೇ ತನಗೆ ಗೊತ್ತೆಂದು ಆತ ಹೇಳಿಕೊಳ್ಳುತ್ತಿದ್ದ. ಇಟ್ಟುಕೊಂಡ ‘ಸ್ಟ್ರಮ್ಮರ್’ (ತಂತಿಗಳನ್ನು ಒಟ್ಟಿಗೆ ಬಾರಿಸುವವನು) ಎಂಬ ಹೆಸರೂ ಅದನ್ನೇ ಹೇಳುತ್ತದೆ. ಬಾರಿಸುವ ರಭಸಕ್ಕೆ ಚರ್ಮ ಹರಿಯದಿರಲೆಂದು ಬಲ ಮುಂಗೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. 1966ರ ಮಾದರಿಯ ಫೆಂಡರ್ ಟೆಲಿಕ್ಯಾಸ್ಟರ್ ಒಂದಕ್ಕೆ ಕಪ್ಪು ಬಣ್ಣ ಬಳಿಸಿ, ಅದನ್ನೇ ಜೀವನವಿಡೀ ನುಡಿಸಿದ. ಆ ಬಣ್ಣ ಸವೆದು ಒಳಗಿನ ಹಳೆಯ ಬಣ್ಣ ಇಣುಕುವ ಹಾಗೆಯೇ ಫೆಂಡರ್ ಕಂಪನಿ 2007ರಲ್ಲಿ ಅವನ ಹೆಸರಿನ ಗಿಟಾರನ್ನು ತಯಾರಿಸಿತು.

ಇದರಿಂದ ಕ್ಲ್ಯಾಶ್ ಸಂಗೀತದಲ್ಲಿ ಆದ ವ್ಯವಸ್ಥೆಯನ್ನು ಗಮನಿಸಿ ಕೇಳಿದರೆ ಸ್ಪಷ್ಟವಾಗಿ ಗುರುತಿಸಬಹುದು. ಸ್ಟ್ರಮ್ಮರನ ಗಿಟಾರ್ ಸ್ವರಕ್ಕಿಂತ ಹೆಚ್ಚಾಗಿ ತಾಳವಾದ್ಯದಂತೆ ಕೆಲಸ ಮಾಡುತ್ತದೆ. ಅದರ ಮೇಲೆ ಮಾಧುರ್ಯವನ್ನು ತುಂಬುವ, ರಾಗದ ಎಳೆಗಳನ್ನು ಹೆಣೆಯುವ ಹೊಣೆ ಮಿಕ್ ಜೋನ್ಸ್‌ನದು. ಕೆಳಗೆ ಸಿಮೊನಾನ್‌ನ ಬಾಸ್. ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಜಮೈಕಾದವರ ನಡುವೆ ಬೆಳೆದ ಅವನ ಕಿವಿಯಲ್ಲಿ ರೆಗೆ ಮೊದಲಿಂದಲೂ ಇತ್ತು. ನಡುವೆ ಟಾಪರ್ ಹೆಡನ್ ಎಂಬ ಡ್ರಮ್ಮರ್, ಯಾವ ಶೈಲಿಯನ್ನು ಕೊಟ್ಟರೂ ಅದನ್ನು ಹುಟ್ಟಿನಿಂದ ಬಲ್ಲವನಂತೆ ನುಡಿಸುತ್ತಿದ್ದವನು. ಸ್ಟ್ರಮ್ಮರನ ಕೇಳುವ ಗುಣವನ್ನು ಹಳೆಯ ರೆಕಾರ್ಡು ಅವರು ಹೊಗಳಿದ್ದು ಸರಿ, ಆದರೆ ಕೇಳಿದ್ದನ್ನು ಹಾಡಾಗಿಸಲು ಈ ಮೂವರಿಲ್ಲದೆ ಸಾಧ್ಯವಾಗುತ್ತಿರಲಿಲ್ಲ. ಮಾತು ಸ್ಟ್ರಮ್ಮರನದು, ರಾಗ ಸಂಯೋಜನೆ ಬಹುಪಾಲು ಜೋನ್ಸ್‌ನದು ಎಂಬುದನ್ನು ಮರೆಯಬಾರದು.

ಹಳೆಯ ರೆಕಾರ್ಡು:

ಆರು ತಂತಿ ಅವರ ಮಾತನ್ನು ಪೂರ್ತಿಯಾಗಿ ಒಪ್ಪಿಕೊಂಡು, ತುಂಗಾತೀರ ಅವರ ಕಂಪನಿಯ ಪ್ರಶ್ನೆಗೆ ಬರುತ್ತೇನೆ.

ಸಿಬಿಎಸ್ ಒಪ್ಪಂದ ತಂಡಕ್ಕೆ ಉರುಳಾದದ್ದು ನಿಜ. ಒಪ್ಪಂದದ ಮೊತ್ತ ಮುಂಗಡವಾಗಿತ್ತು. ಧ್ವನಿಮುದ್ರಣದ ಖರ್ಚು, ಪ್ರವಾಸದ ಖರ್ಚು ಎಲ್ಲವೂ ತಂಡದ ಲೆಕ್ಕಕ್ಕೇ ಬೀಳುತ್ತಿತ್ತು. ತಮ್ಮನ್ನು ಕೇಳದೆ ಕಂಪನಿ ಹಾಡೊಂದನ್ನು ಬಿಡುಗಡೆ ಮಾಡಿದಾಗ ಅದರ ವಿರುದ್ಧವೇ ‘ಕಂಪ್ಲೀಟ್ ಕಂಟ್ರೋಲ್’ ಎಂಬ ಹಾಡು ಕಟ್ಟಿ, ಅದನ್ನೂ ಅದೇ ಕಂಪನಿಯಿಂದ ಹೊರತಂದರು. ಅದರ ನಿರ್ಮಾಪಕ ಜಮೈಕಾದ ಲೀ ಪೆರ್ರಿ ಎಂಬುದು ನನ್ನ ಮೂಲ ವಾದಕ್ಕೂ ಸಂಬಂಧಿಸಿದ ವಿವರ.

ಆದರೆ ಹಾಡಿನ ಸಿಟ್ಟಿಗಿಂತ ನನಗೆ ದೊಡ್ಡದಾಗಿ ಕಾಣುವುದು ಬೆಲೆಯ ವಿಷಯ. ‘ಲಂಡನ್ ಕಾಲಿಂಗ್’ ಜೋಡಿ ರೆಕಾರ್ಡಾದರೂ ಒಂದು ರೆಕಾರ್ಡಿನ ಬೆಲೆಗೇ ಮಾರಬೇಕೆಂದು ತಂಡ ಹಠ ಹಿಡಿಯಿತು. ಮುಂದಿನ ವರ್ಷ ಮೂರು ರೆಕಾರ್ಡುಗಳ ‘ಸ್ಯಾಂಡಿನಿಸ್ಟಾ!’ ಸಂಪುಟವನ್ನೂ ಕಡಿಮೆ ಬೆಲೆಗೆ ಕೊಡಿರೆಂದಾಗ ಕಂಪನಿ ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಮಾರಾಟವಾಗುವ ಮೊದಲ ಎರಡು ಲಕ್ಷ ಪ್ರತಿಗಳ ರಾಯಧನವನ್ನು ಬಿಟ್ಟುಕೊಟ್ಟು ಒಪ್ಪಿಸಬೇಕಾಯಿತು. ಸಾಲದಲ್ಲಿದ್ದ ತಂಡ ಮಾಡಿದ ಕೆಲಸವಿದು. ಇಂಗ್ಲೆಂಡಿನಲ್ಲಿ ನಿರುದ್ಯೋಗ ಏರುತ್ತಿದ್ದ ಆ ದಿನಗಳಲ್ಲಿ ಸರ್ಕಾರದ ಭತ್ಯೆಯಲ್ಲಿ ಬದುಕುತ್ತಿದ್ದ ಹುಡುಗ ಹುಡುಗಿಯರಿಗೆ ಈ ಸಂಗೀತ ಮುಟ್ಟಿದ್ದು ಆ ಬೆಲೆಯಿಂದಾಗಿ. ಅವರಲ್ಲಿ ಹಲವರು ಮುಂದೆ ತಾವೇ ತಂಡ ಕಟ್ಟಿದರು.

1981ರ ನ್ಯೂಯಾರ್ಕ್ ಪ್ರಸಂಗವನ್ನೂ ಇಲ್ಲಿ ಹೇಳಬೇಕು. ಟೈಮ್ಸ್ ಚೌಕದ ಬಾಂಡ್ಸ್ ಎಂಬ ಸಭಾಂಗಣದಲ್ಲಿ ಎಂಟು ಕಛೇರಿಗಳೆಂದು ನಿಶ್ಚಯವಾಗಿತ್ತು. ಸಭಾಂಗಣದವರು ಮಿತಿ ಮೀರಿ ಟಿಕೆಟ್ ಮಾರಿದ್ದಾರೆಂದು ಅಗ್ನಿಶಾಮಕ ಇಲಾಖೆ ತಡೆಯೊಡ್ಡಿತು. ಟಿಕೆಟ್ ಕೊಂಡ ಯಾರೂ ಬರಿಗೈಯಲ್ಲಿ ಹೋಗಬಾರದೆಂದು ತಂಡ ಒಟ್ಟು 17 ಕಛೇರಿಗಳನ್ನು ನಡೆಸಿಕೊಟ್ಟಿತು. ಮೊದಲ ದಿನಗಳಲ್ಲಿ ತಮಗಿಂತ ಮೊದಲು ವೇದಿಕೆಗೆ ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಸಂಗಡಿಗರನ್ನು ಕರೆಸಿದ್ದರು. ಸಭಿಕರು ಆ ಕಲಾವಿದರನ್ನು ಕೂಗಿ ಹೀಯಾಳಿಸಿ ಲೋಟ ಎಸೆದಾಗ ತಂಡದವರು ತಮ್ಮದೇ ಅಭಿಮಾನಿಗಳನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ತನ್ನನ್ನು ಪ್ರೀತಿಸುವವರಿಗೆ ಎದುರಾಡುವುದು ಕಲಾವಿದನಿಗೆ ಎಲ್ಲಕ್ಕಿಂತ ಕಠಿಣವಾದ ಕೆಲಸ.

ಹೊಸ ಕೇಳುಗ:

ಎಲ್ಲರಿಗೂ ನಮಸ್ಕಾರ. ನಾನು ಪದವಿ ವಿದ್ಯಾರ್ಥಿ. ಈ ತಂಡದ ಹಾಡುಗಳನ್ನು ಒಮ್ಮೆಯೂ ಕೇಳಿಲ್ಲ. ಇಂಗ್ಲಿಷ್ ಹಾಡುಗಳ ಉಚ್ಚಾರ ನನಗೆ ಬೇಗ ತಿಳಿಯುವುದಿಲ್ಲ. ಎಲ್ಲಿಂದ ಆರಂಭಿಸಿದರೆ ಒಳ್ಳೆಯದೆಂದು ಹಿರಿಯರು ತಿಳಿಸಬೇಕು.

ಆರು ತಂತಿ:

ತಮ್ಮಾ, ಉಚ್ಚಾರದ ಬಗ್ಗೆ ಚಿಂತಿಸಬೇಡಿ. ಇಂಗ್ಲಿಷ್ ಮನೆಮಾತಾದವರಿಗೂ ಸ್ಟ್ರಮ್ಮರನ ಸಾಲುಗಳು ಮೊದಲ ಸಲಕ್ಕೆ ಪೂರ್ತಿ ತಿಳಿಯುವುದಿಲ್ಲ.

ಆರಂಭಕ್ಕೆ 1978ರ ‘ವೈಟ್ ಮ್ಯಾನ್ ಇನ್ ಹ್ಯಾಮರ್‌ಸ್ಮಿತ್ ಪ್ಯಾಲೇ’ ಎಂಬ ಒಂದೇ ಹಾಡನ್ನು ಸೂಚಿಸುತ್ತೇನೆ. ಸ್ಟ್ರಮ್ಮರ್ ಲಂಡನ್ನಿನಲ್ಲಿ ನಡೆದ ಅಹೋರಾತ್ರಿ ರೆಗೆ ಕಾರ್ಯಕ್ರಮವೊಂದಕ್ಕೆ ಹೋಗಿದ್ದ. ಬಂಡಾಯದ ಹಾಡು ಕೇಳಲು ಹೋದವನಿಗೆ ಅಲ್ಲಿ ಸಿಕ್ಕಿದ್ದು ಥಳಕಿನ ಮನರಂಜನೆ. ಹಾಗೆಂದು ಹಾಡು ಬರೀ ದೂರಾಗಿ ನಿಲ್ಲುವುದಿಲ್ಲ. ಕರಿಯರಿಂದ ಬಂಡಾಯವನ್ನೇ ನಿರೀಕ್ಷಿಸುವ ತನ್ನ ಮನಸ್ಸನ್ನು, ಹೊಸ ಪಂಕ್ ತಂಡಗಳ ದುಡ್ಡಿನ ಆಸೆಯನ್ನು, ದೇಶದಲ್ಲಿ ಬೆಳೆಯುತ್ತಿದ್ದ ಜನಾಂಗ ದ್ವೇಷವನ್ನು ಒಂದೊಂದಾಗಿ ಎದುರಿಸುತ್ತ ಹೋಗುತ್ತದೆ. ನಾಲ್ಕು ನಿಮಿಷಗಳಲ್ಲಿ ಇಷ್ಟನ್ನು ಹಿಡಿದ ಹಾಡು ಪಂಕ್‌ನಲ್ಲಿ ಇನ್ನೊಂದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಲಯವನ್ನು ಗಮನಿಸಿ: ರೆಗೆಯ ನಿಧಾನ ನಡೆಯ ಮೇಲೆ ಪಂಕ್‌ನ ಗಿಟಾರ್ ಕೂತಿದೆ, ಎರಡೂ ತಮ್ಮತನ ಬಿಟ್ಟುಕೊಟ್ಟಿಲ್ಲ.

ಅದರ ನಂತರ ‘ಲಂಡನ್ ಕಾಲಿಂಗ್’ ಆಲ್ಬಂ ಅನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ. ವೇದಿಕೆಯ ಮೇಲೆ ಬಾಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸುತ್ತಿರುವ ಮುಖಪುಟದ ಚಿತ್ರವನ್ನು ನೀವು ಅಂಗಿಗಳ ಮೇಲೆ ನೋಡಿರಬಹುದು. ಅಲ್ಲಿರುವುದು ಸಿಮೊನಾನ್, ತೆಗೆದವರು ಪೆನ್ನಿ ಸ್ಮಿತ್. ಚಿತ್ರ ಮಸುಕಾಗಿದೆ, ಬೇಡವೆಂದು ಛಾಯಾಗ್ರಾಹಕಿಯೇ ಹೇಳಿದ್ದರು. ಅದೇ ಬೇಕೆಂದು ಸ್ಟ್ರಮ್ಮರ್ ಪಟ್ಟು ಹಿಡಿದ. ‘ಸ್ಯಾಂಡಿನಿಸ್ಟಾ!’ ಸಂಪುಟವನ್ನು ಕೊನೆಗೆ ಇಟ್ಟುಕೊಳ್ಳಿ.

ಕೊಲ್ಲಿಯ ಕನ್ನಡಿಗ:

ನಾನು ಕುವೈತ್‌ನಲ್ಲಿ ಕೆಲಸದಲ್ಲಿರುವವನು. ಈ ಪ್ರದೇಶಕ್ಕೆ ನೇರವಾಗಿ ತಾಗುವ ಒಂದು ಹಾಡಿನ ಕಥೆಯನ್ನು ಹೇಳದಿದ್ದರೆ ಚರ್ಚೆ ಅಪೂರ್ಣವಾಗುತ್ತದೆ.

1982ರ ‘ರಾಕ್ ದ ಕಾಸ್ಬಾ’ ಕ್ಲ್ಯಾಶ್ ತಂಡಕ್ಕೆ ಅಮೆರಿಕದಲ್ಲಿ ಸಿಕ್ಕ ಅತಿ ದೊಡ್ಡ ಗೆಲುವು. ಅಲ್ಲಿನ ಪಟ್ಟಿಯಲ್ಲಿ ಎಂಟನೆಯ ಸ್ಥಾನದವರೆಗೆ ಏರಿತು. ತಂಡದ ಹಾಡುಗಳು ಉದ್ದವಾಗುತ್ತಿರುವುದನ್ನು ಕಂಡ ವ್ಯವಸ್ಥಾಪಕ ರೋಡ್ಸ್, ಎಲ್ಲವೂ ರಾಗದಷ್ಟು ದೀರ್ಘವಾಗಿರಲೇಬೇಕೇ ಎಂದು ಗೊಣಗಿದನಂತೆ. ಅವನು ಹೇಳಿದ್ದು ನಮ್ಮ ಹಿಂದುಸ್ತಾನಿ, ಕರ್ನಾಟಕ ಸಂಗೀತದ ರಾಗವನ್ನೇ. ಆ ಮಾತನ್ನು ಹಿಡಿದು ಸ್ಟ್ರಮ್ಮರ್ ಒಂದು ಸಾಲು ಬರೆದ. ಕ್ರಾಂತಿಯ ನಂತರದ ಇರಾನ್‌ನಲ್ಲಿ ಪಾಶ್ಚಾತ್ಯ ಸಂಗೀತದ ರೆಕಾರ್ಡು ಇಟ್ಟುಕೊಂಡವರಿಗೆ ಛಡಿ ಏಟು ಬೀಳುತ್ತದೆಂಬ ಸುದ್ದಿ ಅದಕ್ಕೆ ಸೇರಿತು. ಸಂಗೀತವನ್ನು ನಿಷೇಧಿಸುವ ದೊರೆ, ಬಾಂಬು ಹಾಕಲು ಹೊರಟ ಪೈಲಟ್‌ಗಳು ಆಜ್ಞೆ ಮುರಿದು ಅದೇ ಸಂಗೀತಕ್ಕೆ ಕಿವಿಗೊಡುವುದು, ಇದು ಹಾಡಿನ ಕಥೆ. ಸಂಗೀತದ ಚೌಕಟ್ಟು ಬಹುಪಾಲು ಟಾಪರ್ ಹೆಡನ್‌ನದು. ಡ್ರಮ್ಸ್, ಪಿಯಾನೊ, ಬಾಸ್ ಮೂರನ್ನೂ ಅವನೇ ನುಡಿಸಿದ್ದ. ಹಾಡು ಹೆಸರು ಮಾಡುವ ಹೊತ್ತಿಗೆ ಹೆರಾಯಿನ್ ಚಟದ ಕಾರಣಕ್ಕೆ ಅವನನ್ನು ತಂಡದಿಂದ ತೆಗೆದುಹಾಕಿದ್ದರು.

1991ರ ಕೊಲ್ಲಿ ಯುದ್ಧದಲ್ಲಿ ಈ ಹಾಡು ಅಮೆರಿಕದ ಸೈನಿಕರ ನೆಚ್ಚಿನ ಹಾಡಾಯಿತು. ಇರಾಕ್ ಮೇಲೆ ಬೀಳಲಿದ್ದ ಬಾಂಬಿನ ಮೇಲೆ ಇದರ ಶೀರ್ಷಿಕೆಯನ್ನು ಬರೆದಿದ್ದಾರೆಂಬ ಸುದ್ದಿ ತಿಳಿದಾಗ ಸ್ಟ್ರಮ್ಮರ್ ಅತ್ತನೆಂದು ಅವನ ಆಪ್ತರು ಹೇಳಿದ್ದಾರೆ. ಬಾಂಬು ಹಾಕದ ಪೈಲಟ್‌ಗಳ ಹಾಡು ಬಾಂಬಿನ ಮೇಲೆ ಕೂತಿತು. ಹತ್ತು ವರ್ಷಗಳ ಬಳಿಕ, 2001ರ ಸೆಪ್ಟೆಂಬರ್ ದಾಳಿಗಳ ನಂತರ, ಅಮೆರಿಕದ ದೊಡ್ಡ ರೇಡಿಯೊ ಜಾಲವೊಂದು ಸದ್ಯಕ್ಕೆ ಪ್ರಸಾರ ಮಾಡುವುದು ಉಚಿತವಲ್ಲವೆಂದು ಸಿದ್ಧಪಡಿಸಿದ ಪಟ್ಟಿಯಲ್ಲಿಯೂ ಇದೇ ಹಾಡಿತ್ತು.

ಆದರೆ ಹಾಡು ಸರಿಯಾದ ಕೈಗೂ ಸೇರಿತು. ಅಲ್ಜೀರಿಯಾದಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ಬೆಳೆದ ರಶೀದ್ ತಾಹಾ 2004ರಲ್ಲಿ ಅದನ್ನು ಅರಬ್ಬಿಯಲ್ಲಿ, ಊದ್ ಮತ್ತು ದರ್ಬೂಕಾ ವಾದ್ಯಗಳೊಂದಿಗೆ ಹಾಡಿದ. ಮುಂದೆ ಮಿಕ್ ಜೋನ್ಸ್ ಅವನ ಜೊತೆ ವೇದಿಕೆಯಲ್ಲಿ ಅದನ್ನು ನುಡಿಸಿದ. ನನಗೆ ಮೂಲಕ್ಕಿಂತ ಆ ರೂಪವೇ ಹೆಚ್ಚು ಪ್ರಿಯ.

ಅದೇ ಆಲ್ಬಂನ ‘ಸ್ಟ್ರೇಟ್ ಟು ಹೆಲ್’ ಬಗ್ಗೆಯೂ ಒಂದು ಮಾತು. ಉಕ್ಕಿನ ಕಾರ್ಖಾನೆ ಮುಚ್ಚಿದ ಊರಿಗೆ ಬಂದ ವಲಸಿಗ, ಅಮೆರಿಕದ ಸೈನಿಕರು ವಿಯೆಟ್ನಾಂನಲ್ಲಿ ಬಿಟ್ಟುಹೋದ ಮಕ್ಕಳು, ಯಾರಿಗೂ ಬೇಡವಾದ ಇಂಥವರ ಹಾಡು ಅದು. ಶ್ರೀಲಂಕಾ ತಮಿಳು ಮೂಲದ ಲಂಡನ್ ಗಾಯಕಿ ಎಂ.ಐ.ಎ. ತನ್ನ 2007ರ ‘ಪೇಪರ್ ಪ್ಲೇನ್ಸ್’ ಹಾಡಿಗೆ ಅದರ ಸಂಗೀತದ ತುಣುಕನ್ನೇ ಅಡಿಪಾಯವಾಗಿಟ್ಟುಕೊಂಡಳು. ವೀಸಾ, ಗಡಿ, ವಲಸಿಗರ ಬಗೆಗಿನ ಭಯ ಇವೇ ಆ ಹಾಡಿನ ವಸ್ತು. ಗಡಿ ದಾಟಿ ದುಡಿಯಲು ಬಂದ ನನ್ನಂಥವರು ಈ ಎರಡು ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿದರೆ, ಪ್ರಭಾವ ಎಂಬುದು ಹೇಗೆ ಒಬ್ಬರಿಂದ ಒಬ್ಬರಿಗೆ ಸಾಗುತ್ತದೆಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಥೇಮ್ಸ್ ದಡದ ಕನ್ನಡತಿ:

ಕೊಲ್ಲಿಯ ಕನ್ನಡಿಗರೇ, ಬಹಳ ಒಳ್ಳೆಯ ವಿವರಗಳು. ಕ್ಲ್ಯಾಶ್ ನಂತರದ ವರ್ಷಗಳನ್ನು ನಾನು ಮುಂದುವರಿಸುತ್ತೇನೆ, ಏಕೆಂದರೆ ಸ್ಟ್ರಮ್ಮರ್ ಬಗ್ಗೆ ಬರೆಯುವವರು ಅದನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

1983ರ ಸೆಪ್ಟೆಂಬರ್‌ನಲ್ಲಿ ಸ್ಟ್ರಮ್ಮರ್ ಮತ್ತು ಸಿಮೊನಾನ್ ಸೇರಿ ಮಿಕ್ ಜೋನ್ಸ್‌ನನ್ನೇ ತಂಡದಿಂದ ಹೊರಹಾಕಿದರು. ಹೊಸ ಹುಡುಗರನ್ನು ಸೇರಿಸಿಕೊಂಡು 1985ರಲ್ಲಿ ತಂದ ಕೊನೆಯ ಆಲ್ಬಂ ಸೊರಗಿದ ಕೆಲಸ, ತಂಡ ಮುಗಿಯಿತು. ಆಮೇಲಿನ ಹೆಚ್ಚುಕಡಿಮೆ ಹದಿನೈದು ವರ್ಷ ಆತ ನೆಲೆ ಹುಡುಕುತ್ತ ಅಲೆದ. ಚಿತ್ರಗಳಿಗೆ ಸಂಗೀತ ಕೊಟ್ಟ, ಕೆಲವು ಚಿತ್ರಗಳಲ್ಲಿ ನಟಿಸಿದ, 1991ರಲ್ಲಿ ಐರಿಷ್ ಜಾನಪದ ಮತ್ತು ಪಂಕ್ ಬೆರೆಸಿದ ‘ದಿ ಪೋಗ್ಸ್’ ತಂಡದ ಗಾಯಕ ಇಲ್ಲದಾದಾಗ ಅವನ ಜಾಗದಲ್ಲಿ ನಿಂತು ಹಾಡಿದ. ಸ್ಪೇನ್‌ನ ಗ್ರನಾಡಾ ನಗರಕ್ಕೆ ಮತ್ತೆ ಮತ್ತೆ ಹೋದ. ಅಂತರ್ಯುದ್ಧದಲ್ಲಿ ಕೊಲೆಯಾದ ಕವಿ ಲೋರ್ಕಾನನ್ನು ಆತ 1979ರಲ್ಲೇ ಒಂದು ಹಾಡಿನಲ್ಲಿ ನೆನೆದಿದ್ದ. ಆ ನಗರ 2013ರಲ್ಲಿ ತನ್ನ ಒಂದು ಚೌಕಕ್ಕೆ ಅವನ ಹೆಸರಿಟ್ಟಿತು.

1990ರ ದಶಕದ ಕೊನೆಯಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್‌ನಲ್ಲಿ ಅವನೊಂದು ರೇಡಿಯೊ ಕಾರ್ಯಕ್ರಮ ನಡೆಸಿಕೊಡುತ್ತಿದ್ದ. ಕೊಲಂಬಿಯಾದ ಕುಂಬಿಯಾ, ಆಫ್ರಿಕಾದ ಹಾಡುಗಳು, ಹಳೆಯ ರಾಕ್ ಅಂಡ್ ರೋಲ್, ಎಲ್ಲವನ್ನೂ ತಾನೇ ಆಯ್ದು ಕೇಳಿಸುತ್ತಿದ್ದ. ಹಳೆಯ ರೆಕಾರ್ಡು ಅವರು ಹೇಳಿದ ಕೇಳುವ ಗುಣಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. 1999ರಿಂದ ‘ಮೆಸ್ಕಲೆರೋಸ್’ ಎಂಬ ಹೊಸ ತಂಡದೊಂದಿಗೆ ಮಾಡಿದ ಮೂರು ಆಲ್ಬಂಗಳಲ್ಲಿ 2001ರದ್ದು ನನಗೆ ಅತ್ಯಂತ ಹತ್ತಿರವಾದದ್ದು. ಅದರಲ್ಲಿ ‘ಭಿಂಡಿ ಭಾಗೀ’ ಎಂಬ ಹಾಡಿದೆ. ನ್ಯೂಜಿಲೆಂಡಿನಿಂದ ಆಗತಾನೇ ಬಂದಿಳಿದವನೊಬ್ಬ ಲಂಡನ್ನಿನ ರಸ್ತೆಯಲ್ಲಿ ಹಳೆಯ ಇಂಗ್ಲಿಷ್ ತಿನಿಸೊಂದನ್ನು ಕೇಳುತ್ತಾನೆ. ಅದು ಇಲ್ಲಿಲ್ಲ, ಆದರೆ ಬೇರೆ ಏನೆಲ್ಲ ಇದೆ ನೋಡು ಎಂದು ಗಾಯಕ ಆ ಬೀದಿಯ ಅಡುಗೆಗಳ ಪಟ್ಟಿ ಹೇಳುತ್ತ ಹೋಗುತ್ತಾನೆ. ನಮ್ಮ ಬೆಂಡೆಕಾಯಿ ಪಲ್ಯ ಒಂದು ರಾಕ್ ಹಾಡಿನ ಶೀರ್ಷಿಕೆಯಾದದ್ದು ಹಾಗೆ. ಊಟದ ಪಟ್ಟಿ ನಿಧಾನವಾಗಿ ಸಂಗೀತಗಳ ಪಟ್ಟಿಯಾಗುತ್ತದೆ. ಇಲ್ಲಿ ವಲಸಿಗರಾಗಿ ಬದುಕುವವರಿಗೆ, ತಾವು ಊರಿಗೆ ಹೊರೆಯಲ್ಲ, ಊರಿನ ರುಚಿಯೇ ತಮ್ಮಿಂದ ಆದದ್ದು ಎಂದು ಇಷ್ಟು ಸಂತೋಷದಿಂದ ಹೇಳಿದ ಇಂಗ್ಲಿಷ್ ಗಾಯಕರು ವಿರಳ.

2002ರ ನವೆಂಬರ್ 15ರಂದು ಪಶ್ಚಿಮ ಲಂಡನ್ನಿನ ಆಕ್ಟನ್ ಪುರಭವನದಲ್ಲಿ, ಮುಷ್ಕರದಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿಯ ನೆರವಿಗಾಗಿ ಆತ ಹಾಡಿದ. ಸಭಿಕರಲ್ಲಿ ಕೂತಿದ್ದ ಮಿಕ್ ಜೋನ್ಸ್ ಕರೆಯದೆಯೇ ಎದ್ದು ವೇದಿಕೆಗೆ ಹೋಗಿ ಗಿಟಾರ್ ಹಿ‌ಡಿದ. ಸುಮಾರು ಹತ್ತೊಂಬತ್ತು ವರ್ಷಗಳ ನಂತರ ಇಬ್ಬರೂ ಒಟ್ಟಿಗೆ ನುಡಿಸಿದರು. ಡಿಸೆಂಬರ್ 22ರಂದು ಸಾಮರ್‌ಸೆಟ್‌ನ ತನ್ನ ಮನೆಯಲ್ಲಿ ಸ್ಟ್ರಮ್ಮರ್ ತೀರಿಕೊಂಡ. ಹುಟ್ಟಿನಿಂದಲೇ ಇದ್ದು ಯಾರಿಗೂ ತಿಳಿಯದೆ ಉಳಿದಿದ್ದ ಹೃದಯದ ದೋಷವೊಂದು ಕಾರಣ. ವಯಸ್ಸು 50.

ಹಳೆಯ ರೆಕಾರ್ಡು:

ಮೇಡಂ, ಇಷ್ಟು ಪೂರ್ಣವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಎರಡು ಸಂಗತಿ ಸೇರಿಸುತ್ತೇನೆ. 2005ರಲ್ಲಿ ಬ್ರಿಸ್ಟಲ್‌ನಲ್ಲಿ ಒಂದು ಡೀಸೆಲ್ ರೈಲು ಎಂಜಿನ್ನಿಗೆ ಜೋ ಸ್ಟ್ರಮ್ಮರ್ ಎಂದು ನಾಮಕರಣ ಮಾಡಿದರು. ಅಜ್ಜ ಭಾರತದ ರೈಲ್ವೆಯ ನೌಕರನಾಗಿದ್ದನೆಂಬುದನ್ನು ನೆನೆದಾಗ ನನಗೆ ಇದು ಬಹಳ ಇಷ್ಟವಾಯಿತು. ಇನ್ನೊಂದು, ಅವನ ಪತ್ನಿ ಮತ್ತು ಗೆಳೆಯರು ಕಟ್ಟಿದ ಪ್ರತಿಷ್ಠಾನ. ಮೊದಲು ‘ಸ್ಟ್ರಮ್ಮರ್‌ವಿಲ್’ ಎಂದಿದ್ದದ್ದು ಈಗ ಅವನ ಪೂರ್ಣ ಹೆಸರಿನಲ್ಲಿ ನಡೆಯುತ್ತಿದೆ. ಅಭ್ಯಾಸಕ್ಕೆ ಜಾಗವಿಲ್ಲದ, ಧ್ವನಿಮುದ್ರಣಕ್ಕೆ ಹಣವಿಲ್ಲದ ಹೊಸ ಸಂಗೀತಗಾರರಿಗೆ ಅದು ನೆರವಾಗುತ್ತದೆ. ರೆಕಾರ್ಡಿನ ಬೆಲೆ ಇಳಿಸಲು ಹಠ ಹಿಡಿದವನ ಹೆಸರಿನಲ್ಲಿ ನಡೆಯಬೇಕಾದ ಕೆಲಸ ಇದೇ ಎಂದು ನನ್ನ ಭಾವನೆ.

ತುಂಗಾತೀರ:

ಎಲ್ಲರ ಬರಹವನ್ನೂ ಎರಡು ಸಲ ಓದಿದೆ. ರಾಯಧನ ಬಿಟ್ಟುಕೊಟ್ಟ ಸಂಗತಿ ಮತ್ತು ಸೌಥಾಲ್ ಕಛೇರಿಯ ವಿವರ ನನಗೆ ಹೊಸವು. ಕಂಪನಿಯ ಕುರಿತ ಆಕ್ಷೇಪವನ್ನು ಅಷ್ಟರಮಟ್ಟಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ದುರ್ಬಲರ ಪರ ಹಾಡುವವನು ತನ್ನ ಪಕ್ಕದಲ್ಲೇ ಚಟಕ್ಕೆ ಸಿಕ್ಕಿ ನರಳುತ್ತಿದ್ದ ಡ್ರಮ್ಮರನನ್ನು, ಅವನೇ ಕಟ್ಟಿದ ಹಾಡು ಗೆಲ್ಲುತ್ತಿರುವಾಗ, ಹೊರಗೆ ಕಳಿಸಿದ್ದನ್ನು ನಾನು ಮನ್ನಿಸಲಾರೆ. ತಂಡ ಹಾಳಾಗಲು ಆರಂಭವಾದದ್ದು ಅಲ್ಲಿಂದಲೇ ಎಂದು ಸ್ಟ್ರಮ್ಮರ್ ಸ್ವತಃ ನಂತರದ ಸಂದರ್ಶನಗಳಲ್ಲಿ ಒಪ್ಪಿಕೊಂಡಿದ್ದಾನೆ. ಆ ಒಪ್ಪಿಗೆಯನ್ನು ಗೌರವಿಸುತ್ತೇನೆ, ಅದು ಅವನ ದೊಡ್ಡತನವೇ. ಆದರೆ ಹೆಡನ್‌ಗೆ ಅದರಿಂದ ಕಳೆದುಹೋದ ವರ್ಷಗಳು ಮರಳಲಿಲ್ಲ.

ಟಾಪರ್ ಹೆಡನ್ ಕೆಲಸದ ಬಗ್ಗೆಯೇ ಒಂದು ಪ್ರತ್ಯೇಕ ಚರ್ಚೆ ಆರಂಭಿಸಬೇಕೆಂದು ಆರು ತಂತಿ ಅವರಲ್ಲಿ ನನ್ನ ವಿನಂತಿ. ಡ್ರಮ್ಸ್ ಬಲ್ಲವರು ಯಾರಾದರೂ ‘ಸ್ಟ್ರೇಟ್ ಟು ಹೆಲ್’ ಹಾಡಿನ ತಾಳವನ್ನು ಬಿಡಿಸಿ ವಿವರಿಸಿದರೆ ಬಹಳ ಉಪಕಾರವಾಗುತ್ತದೆ. ಅದನ್ನು ನಿನ್ನೆಯಿಂದ ಕೇಳುತ್ತಿದ್ದೇನೆ. ಅದು ರಾಕ್‌ನದಂತೂ ಅಲ್ಲ, ಎಲ್ಲಿಂದ ಬಂದದ್ದೆಂದು ನನಗೆ ಹಿಡಿಯಲಾಗುತ್ತಿಲ್ಲ.

ಆರು ತಂತಿ:

ಆಗಲಿ ಸರ್. ಬ್ರೆಜಿಲ್‌ನ ಬೋಸಾ ನೋವಾದ ನಡೆ ಅದು. ಸಾಮಾನ್ಯ ರಾಕ್ ತಾಳ ಅಲ್ಲಿ ಹೊಂದುವುದಿಲ್ಲವೆಂದು ಕಂಡುಕೊಂಡು ಹೆಡನ್ ಅದನ್ನು ಆರಿಸಿಕೊಂಡ. ನಮ್ಮಲ್ಲಿ ಡ್ರಮ್ಸ್ ನುಡಿಸುವ ಗೆಳೆಯರೊಬ್ಬರಿದ್ದಾರೆ. ಅವರಿಂದ ತಾಳವನ್ನು ಬಿಡಿಬಿಡಿಯಾಗಿ ನುಡಿಸಿಸಿ, ವಿವರಣೆಯೊಂದಿಗೆ ಹೊಸ ಚರ್ಚೆಯನ್ನು ಈ ವಾರವೇ ಆರಂಭಿಸುತ್ತೇನೆ.